ಟೋಕಿಯೋದ ಉಯೆನೊ ಪಾರ್ಕ್: ಹೂವಿನ ಸಮಯಕ್ಕೆ ಹೋಗಬಹುದಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಯ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಟೋಕಿಯೋಗೆ ಹೊರಟಿದ್ದೇನೆ. ತಮ್ಮ ಅಲ್ಲೇ ಕೆಲಸದಲ್ಲಿದ್ದಾನೆ, ಹಾಗಾಗಿ ಉಳಿಯುವ ಚಿಂತೆ ಇಲ್ಲ. ಅಮ್ಮನಿಗೆ ಚೆರ್ರಿ ಹೂವು ನೋಡಲೇಬೇಕು. ಅಪ್ಪನಿಗೆ ಹೂವಿಗಿಂತ ಹಳೇ ದೇವಸ್ಥಾನ, ಯುದ್ಧದ ಕಥೆ ಇಷ್ಟ. ಎರಡೂ ಒಂದೇ ಕಡೆ ಸಿಗುತ್ತದೆ ಎಂದು ಉಯೆನೊ ಪಾರ್ಕ್ ಆರಿಸಿಕೊಂಡೆ. ತಮ್ಮ ಮಾತ್ರ "ಅಕ್ಕಾ, ಅಲ್ಲಿ ಹೂವಿಗಿಂತ ತಲೆಗಳೇ ಜಾಸ್ತಿ, ಬೇಡ" ಅಂತಿದ್ದಾನೆ. ಅಲ್ಲಿರುವವರು, ಹೋಗಿ ಬಂದವರು ಏನಂತೀರಿ? ಅಪ್ಪನಿಗೆ ಮಂಡಿನೋವು ಇದೆ, ಮೆಟ್ಟಿಲು ಹತ್ತುವುದು ಕಷ್ಟ.

ಸೈತಾಮಾ ಶೆಟ್ರು
ನಿಮ್ಮ ತಮ್ಮ ಹೇಳಿದ್ದು ಸರಿ. ಶನಿವಾರ, ಭಾನುವಾರ ಮಧ್ಯಾಹ್ನ ಹೋದರೆ ನಡುದಾರಿಯಲ್ಲಿ ನೀವು ನಡೆಯುವುದಿಲ್ಲ, ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಎರಡೂ ಬದಿ ಚಾಪೆ ಹಾಸಿಕೊಂಡು ಕೂತವರು, ಬಿಯರ್, ನಗು, ಗಲಾಟೆ. ಸಮಾಧಾನವಾಗಿ ಕೂರಬೇಕು ಅಂದರೆ ಶಿಂಜುಕು ಗ್ಯೊಎನ್. 500 ಯೆನ್ ಟಿಕೆಟ್, ಒಳಗೆ ಮದ್ಯ ನಿಷೇಧ, ದೊಡ್ಡ ಹುಲ್ಲುಹಾಸು. ವಯಸ್ಸಾದವರಿಗೆ ಅದೇ ಒಳ್ಳೆಯದು.

ಗಂಜಾಂ ಗುರು
ಶೆಟ್ರೇ, ಹೂವು ಮಾತ್ರ ನೋಡುವುದಾದರೆ ಶಿಂಜುಕುಗೂ ಹೋಗಬೇಕಿಲ್ಲ. ಟೋಕಿಯೋದಲ್ಲಿ ಯಾವ ಕಾಲುವೆ ಬದಿಗೆ ಹೋದರೂ, ಯಾವ ಶಾಲೆಯ ಗೇಟಿನ ಮುಂದೆ ನಿಂತರೂ ಆ ವಾರ ಹೂವು ಸಿಗುತ್ತದೆ. ಉಯೆನೊಗೆ ಹೋಗಬೇಕಾದ್ದು ಆ ಮರಗಳು ನಿಂತಿರುವ ನೆಲಕ್ಕಾಗಿ. ಅದು ಮೊದಲು ದೇವಸ್ಥಾನ, ಆಮೇಲೆ ರಣರಂಗ, ಆಮೇಲೆ ಪಾರ್ಕ್. ಅವರ ಅಪ್ಪನಿಗೆ ಬೇಕಾಗಿರುವುದು ಅದೇ ಅಲ್ವಾ?

ತುಂಗಾತೀರ
ಗುರು ಸರ್, ರಣರಂಗ ಅಂದರೆ? ಅಪ್ಪ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ. ಸ್ವಲ್ಪ ಬಿಡಿಸಿ ಬರೆಯಿರಿ.

ಗಂಜಾಂ ಗುರು
ಹಾಗಿದ್ದರೆ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

1625ರಲ್ಲಿ ತೆಂಕಾಯ್ ಎಂಬ ಬೌದ್ಧ ಗುರು ಈ ಗುಡ್ಡದ ಮೇಲೆ ಕಾನ್‌ಎಯ್‌ಜಿ ದೇವಸ್ಥಾನ ಕಟ್ಟಿಸಿದರು. ಟೋಕಿಯೋದ ಹೆಸರು ಆಗ ಎದೊ, ಆಳುತ್ತಿದ್ದವರು ತೊಕುಗಾವಾ ಶೋಗನ್‌ಗಳು, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿಗಳು. ಅವರ ನಂಬಿಕೆಯಲ್ಲಿ ಈಶಾನ್ಯ ಕೆಟ್ಟದ್ದು ಬರುವ ದಿಕ್ಕು. ಚಕ್ರವರ್ತಿ ಇದ್ದ ರಾಜಧಾನಿ ಕ್ಯೋಟೊದ ಈಶಾನ್ಯಕ್ಕೆ ಹಿಎಯ್ ಬೆಟ್ಟದ ದೇವಸ್ಥಾನ ಕಾವಲಿದ್ದ ಹಾಗೆ ಎದೊ ಕೋಟೆಯ ಈಶಾನ್ಯಕ್ಕೂ ಒಂದು ದೊಡ್ಡ ದೇವಸ್ಥಾನ ಬೇಕು ಎಂಬುದು ಲೆಕ್ಕ. ಕೆಳಗಿನ ಶಿನೊಬಾಜು ಕೆರೆಯನ್ನು ಕ್ಯೋಟೊ ಪಕ್ಕದ ಬಿವಾ ಸರೋವರ ಎಂದುಕೊಂಡು ನಡುವೆ ದ್ವೀಪ ಮಾಡಿದರು. ಕ್ಯೋಟೊದ ಕಿಯೊಮಿಜು ದೇವಸ್ಥಾನದ್ದೂ ಒಂದು ಸಣ್ಣ ನಕಲು ಬಂತು. ಚೆರ್ರಿಗೆ ಹೆಸರಾದ ಯೊಶಿನೊ ಬೆಟ್ಟದಿಂದ ಸಸಿ ತರಿಸಿ ನೆಡಿಸಿದವರೂ ತೆಂಕಾಯ್ ಅವರೇ. ಹೂವಿನ ಕಥೆ ಶುರುವಾಗುವುದು ಅಲ್ಲಿಂದ.

ಮುಂದೆ ಹದಿನೈದು ಶೋಗನ್‌ಗಳಲ್ಲಿ ಆರು ಜನರ ಸಮಾಧಿ ಇಲ್ಲಿ ಆಯಿತು. ಆಳುವವರ ಕುಟುಂಬದ ದೇವಸ್ಥಾನ, ಹಾಗಾಗಿ ಹೂವು ನೋಡಲು ಜನರನ್ನು ಬಿಟ್ಟರೂ ಕುಡಿದು ಹಾಡುವಂತಿರಲಿಲ್ಲ. ಸಂಜೆಯಾದರೆ ಬಾಗಿಲು ಬಂದ್. ಎಂಟನೇ ಶೋಗನ್ ಯೊಶಿಮುನೆ ಬೇರೆ ದಾರಿ ಹುಡುಕಿದ. 1720ರ ಸುಮಾರಿಗೆ ಅಸುಕಾಯಾಮಾ ಗುಡ್ಡದಲ್ಲಿ ಮರಗಳನ್ನು ನೆಡಿಸಿ, ಜನ ಅಲ್ಲಿ ಬೇಕಾದಷ್ಟು ಕುಣಿಯಲಿ ಎಂದು ಬಿಟ್ಟ. ಈಗ ಶೆಟ್ರು ದೂರುತ್ತಿರುವ ಬಿಯರ್ ಗಲಾಟೆ ಆ ಕಾಲದ ಉಯೆನೊದಲ್ಲಿ ನಡೆಯುತ್ತಿರಲಿಲ್ಲ!

ಸೈತಾಮಾ ಶೆಟ್ರು
ಆ ಕಾಲದ ನಿಯಮವೇ ಇದ್ದಿದ್ದರೆ ಚೆನ್ನಾಗಿತ್ತು ಬಿಡಿ.

ಗಂಜಾಂ ಗುರು
ಇನ್ನು ಯುದ್ಧ. 1867ರ ಕೊನೆಗೆ ಶೋಗನ್ ಅಧಿಕಾರ ಬಿಟ್ಟ, 1868ರಲ್ಲಿ ಎದೊ ಕೋಟೆ ಚಕ್ರವರ್ತಿಯ ಹೊಸ ಸರ್ಕಾರದ ಕೈಗೆ ಹೋಯಿತು. ಕೊನೆಯ ಶೋಗನ್ ಯೊಶಿನೊಬು ಕೆಲವು ಕಾಲ ಇದೇ ಕಾನ್‌ಎಯ್‌ಜಿಯಲ್ಲಿ ತಲೆತಗ್ಗಿಸಿಕೊಂಡು ಕೂತಿದ್ದ. ಅವನೇನೋ ಊರು ಬಿಟ್ಟು ಹೋದ. ಆದರೆ ಶೋಗಿತಾಯ್ ಎಂಬ ಅವನ ಕಡೆಯ ಸಮುರಾಯ್ ಪಡೆ ಗುಡ್ಡ ಬಿಡಲಿಲ್ಲ. ಜುಲೈ 4ರಂದು, ಮಳೆ ಸುರಿಯುತ್ತಿರುವಾಗ, ಸರ್ಕಾರಿ ಸೈನ್ಯ ದಾಳಿ ಮಾಡಿತು. ಮುಂದಿನ ಕಪ್ಪು ಬಾಗಿಲಿನ ಕಡೆ ಸರ್ಕಾರಿ ಸೇನಾನಿ ಸಾಯ್ಗೊ ತಕಾಮೊರಿ, ಅವನ ಸತ್ಸುಮಾ ಪ್ರಾಂತ್ಯದ ಪಡೆ. ಕೆರೆಯ ಆಚೆ, ಈಗ ಟೋಕಿಯೋ ವಿಶ್ವವಿದ್ಯಾಲಯ ಇರುವ ಎತ್ತರದಿಂದ, ಆರ್ಮ್‌ಸ್ಟ್ರಾಂಗ್ ಫಿರಂಗಿಗಳ ಗುಂಡು ಕೆರೆ ದಾಟಿ ಬಂದು ಬೀಳುತ್ತಿತ್ತು. ಬೆಳಿಗ್ಗೆ ಶುರುವಾದದ್ದು ಸಂಜೆಯೊಳಗೆ ಮುಗಿಯಿತು. ದೇವಸ್ಥಾನದ ಮುಖ್ಯ ಕಟ್ಟಡಗಳು ಸುಟ್ಟು ಬೂದಿಯಾದವು. ಸೋತವರ ಹೆಣ ಎತ್ತಲು ಕೂಡ ಜನ ಹೆದರಿದರು. ಕೊನೆಗೆ ಎನ್‌ತ್ಸೂಜಿ ಎಂಬ ದೇವಸ್ಥಾನದ ಗುರು ಮುಂದೆ ಬಂದು ಸಂಸ್ಕಾರ ಮಾಡಿದರು.

ಆ ಕಪ್ಪು ಬಾಗಿಲು ಈಗ ಉಯೆನೊದಲ್ಲಿ ಇಲ್ಲ. ಮಿನಾಮಿ ಸೆಂಜು ಕಡೆ ಇರುವ ಅದೇ ಎನ್‌ತ್ಸೂಜಿಯ ಅಂಗಳಕ್ಕೆ ಸಾಗಿಸಿದ್ದಾರೆ. ಕಂಬಗಳಲ್ಲಿ ಗುಂಡಿನ ತೂತುಗಳು ಹಾಗೇ ಇವೆ. ಅಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಪ್ರವಾಸಿಗರು ಆ ಕಡೆ ತಲೆ ಹಾಕುವುದು ಕಡಿಮೆ.

ಬೆಣ್ಣೆದೋಸೆ
ನಾಯಿ ಹಿಡಿದುಕೊಂಡು ನಿಂತಿರುವ ದಪ್ಪ ಮನುಷ್ಯನ ಪ್ರತಿಮೆ ಇದೆಯಲ್ಲ, ಅದೇ ಸಾಯ್ಗೊನಾ? ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಗಂಜಾಂ ಗುರು
ಅವನೇ. ಆ ಮನುಷ್ಯನ ಕಥೆಯೂ ವಿಚಿತ್ರ. 1868ರಲ್ಲಿ ಸರ್ಕಾರದ ಪರ ಗೆದ್ದವನು 1877ರಲ್ಲಿ ಅದೇ ಸರ್ಕಾರದ ವಿರುದ್ಧ ದಂಗೆ ಎದ್ದು ಸತ್ತ. 1889ರಲ್ಲಿ ಕ್ಷಮೆ ಸಿಕ್ಕಿತು, 1898ರಲ್ಲಿ ಪ್ರತಿಮೆ ನಿಂತಿತು. ಮಾಡಿದವರು ತಕಾಮುರಾ ಕೋಉನ್. ನಾಯಿಯನ್ನು ಮಾಡಿದವರು ಬೇರೆಯವರು. ಮಿಲಿಟರಿ ಬಟ್ಟೆ ಇಲ್ಲ, ಕುದುರೆ ಇಲ್ಲ, ಮನೆಯಲ್ಲಿ ಉಡುವ ಸಾದಾ ಕಿಮೊನೊ. ಪ್ರತಿಮೆ ತೆರೆದ ದಿನ ಅವನ ಹೆಂಡತಿ "ನಮ್ಮ ಯಜಮಾನರು ಹೀಗಿರಲಿಲ್ಲ" ಅಂದರು ಎಂದು ಅಲ್ಲಿನವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ನನಗೆ ಬೇಜಾರಾಗುವುದು ಇನ್ನೊಂದು ವಿಷಯಕ್ಕೆ. ಆ ಪ್ರತಿಮೆಯ ಹಿಂದೆ ನಾಲ್ಕು ಹೆಜ್ಜೆ ಹೋದರೆ ಅವನ ಸೈನ್ಯದ ಕೈಯಲ್ಲಿ ಸತ್ತ ಶೋಗಿತಾಯ್ ಹುಡುಗರ ಸಮಾಧಿ ಇದೆ. ಗೆದ್ದವನ ಮುಂದೆ ಫೋಟೋ ಸಾಲು, ಸೋತವರ ಕಡೆ ಯಾರೂ ಇಲ್ಲ.

ಬೆಣ್ಣೆದೋಸೆ
ಎಲ್ಲಾ ದೇಶದಲ್ಲೂ ಅಷ್ಟೇ ಬಿಡಿ ಸರ್.

ಹಾಸನದ ಹಸಿರು
ಚರಿತ್ರೆ ಸಾಕು, ಮರದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ನಾನು ನರ್ಸರಿ ನಡೆಸುವವನು, ಕೈ ಕಡಿಯುತ್ತಿದೆ.

ಉಯೆನೊದಲ್ಲಿ ಸುಮಾರು 800 ಚೆರ್ರಿ ಮರಗಳಿವೆ. ಹಲವಾರು ತಳಿಗಳಿವೆ. ಬೇಗ ಅರಳುವ ಕೆಲವು ಮಾರ್ಚ್ ಶುರುವಿಗೇ ಹೂವು ಬಿಡುತ್ತವೆ, ದಪ್ಪ ಎಸಳಿನವು ಏಪ್ರಿಲ್ ನಡುವಿನವರೆಗೂ ಇರುತ್ತವೆ. ಆದರೆ ನಡುದಾರಿಯ ಆ ಬಿಳಿ ಚಪ್ಪರ ಇದೆಯಲ್ಲ, ಅದು ಹೆಚ್ಚಾಗಿ ಸೊಮೆಯ್ ಯೊಶಿನೊ ತಳಿ. ಎದೊ ಕಾಲದ ಕೊನೆಗೆ ಸೊಮೆಯ್ ಎಂಬ ಹಳ್ಳಿಯ ತೋಟಗಾರರು ಮಾರಾಟಕ್ಕೆ ತಂದದ್ದು. ಆ ಹಳ್ಳಿ ಈಗ ಟೋಕಿಯೋದ ಕೊಮಾಗೊಮೆ ಹತ್ತಿರದ ಬಡಾವಣೆ, ಉಯೆನೊದಿಂದ ರೈಲಿನಲ್ಲಿ ಹತ್ತೇ ನಿಮಿಷ.

ಈ ತಳಿಯ ಮರಗಳೆಲ್ಲ ಕಸಿಯಿಂದಲೇ ಬಂದವು. ನಮ್ಮಲ್ಲಿ ಬಾದಾಮಿ ಮಾವನ್ನು ಓಟೆಯಿಂದ ಬೆಳೆಸದೆ ಕಸಿ ಕಟ್ಟುತ್ತಾರಲ್ಲ, ಹಾಗೆ. ಅಂದರೆ ಜಪಾನ್ ತುಂಬ ಇರುವ ಸೊಮೆಯ್ ಯೊಶಿನೊ ಲೆಕ್ಕದಲ್ಲಿ ಒಂದೇ ಮರ. ಅದಕ್ಕೇ ಒಂದು ಊರಿನಲ್ಲಿ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಎಲೆ ಬರುವ ಮೊದಲೇ ಹೂವು ಬರುವುದರಿಂದ ಮರ ಪೂರ್ತಿ ಬಿಳಿಯಾಗಿ ಕಾಣುತ್ತದೆ. ತಮ್ಮತಮ್ಮಲ್ಲೇ ಪರಾಗ ಸೇರಿದರೆ ಕಾಯಿ ಕಟ್ಟುವುದಿಲ್ಲ. ಮನುಷ್ಯ ಕಸಿ ಕಟ್ಟುವುದು ನಿಲ್ಲಿಸಿದರೆ ಈ ತಳಿಯೂ ಅಲ್ಲಿಗೇ ನಿಲ್ಲುತ್ತದೆ.

ಮೊದಲು ಇದನ್ನು ಸುಮ್ನೆ "ಯೊಶಿನೊ" ಎಂದು ಮಾರುತ್ತಿದ್ದರು, ಆ ಬೆಟ್ಟದ ಹೆಸರಿಗೆ ಬೆಲೆ ಜಾಸ್ತಿ ಅಂತ. 1880ರ ದಶಕದಲ್ಲಿ ಫುಜಿನೊ ಎಂಬ ಸಂಶೋಧಕರು ಇದೇ ಉಯೆನೊ ಪಾರ್ಕಿನ ಮರಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಇದು ಯೊಶಿನೊ ಬೆಟ್ಟದ ಕಾಡು ಚೆರ್ರಿ ಅಲ್ಲ ಎಂದು ಗೊತ್ತಾಯಿತು. 1900ರಲ್ಲಿ ಈಗಿನ ಹೆಸರಿಟ್ಟು ಪ್ರಕಟಿಸಿದರು. ಅಷ್ಟೇ ಅಲ್ಲ, ಮೂಲ ಮರವೇ ಉಯೆನೊ ಪಾರ್ಕಿನಲ್ಲಿ, ಕೊಮಾತ್ಸು ರಾಜಕುಮಾರನ ಪ್ರತಿಮೆಯ ಹತ್ತಿರ ಇರಬಹುದು ಎಂದು ಚಿಬಾ ವಿಶ್ವವಿದ್ಯಾಲಯದವರು 2015ರಲ್ಲಿ ಹೇಳಿದರು.

ಬೆಣ್ಣೆದೋಸೆ
ಒಂದೇ ಮರ ಅಂದ ಮೇಲೆ 800 ನೋಡುವುದು ಯಾಕೆ, ಒಂದು ನೋಡಿದರೆ ಸಾಕಲ್ಲ 😄

ಹಾಸನದ ಹಸಿರು
ಹೋಗಿ ಅದರ ಕೆಳಗೆ ನಿಂತು ಇದೇ ಮಾತು ಹೇಳಿ ನೋಡೋಣ. ಅಂದ ಹಾಗೆ ಚಾಪೆ ಹಾಸಿ ಕೂರುವವರಿಗೆ ಒಂದು ಮಾತು. ಚೆರ್ರಿ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲೇ ಹರಡುತ್ತದೆ. ವರ್ಷಾವರ್ಷ ಲಕ್ಷಗಟ್ಟಲೆ ಜನ ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಸಿಗುವುದಿಲ್ಲ. ಬುಡಕ್ಕೆ ಒತ್ತಿಕೊಂಡು ಕೂರಬೇಡಿ. ಕೊಂಬೆ ಬಗ್ಗಿಸಿ ಸೆಲ್ಫಿ ತೆಗೆಯಲೇಬೇಡಿ, ಮುರಿದ ಜಾಗದಿಂದಲೇ ಈ ಮರ ಕೊಳೆಯಲು ಶುರುವಾಗುತ್ತದೆ.

ತುಂಗಾತೀರ
ಅಮ್ಮ ಕೇಳುತ್ತಿದ್ದಾರೆ: ಮಾರ್ಚ್ ಕೊನೆಗೆ ಹೋದರೆ ಹೂವು ಸಿಗುವುದು ಖಾತ್ರಿಯಾ?

ಯಮನೋತೆ ಲೈನ್
ಖಾತ್ರಿ ಅಂತ ಯಾರೂ ಹೇಳಲಾರರು ಮೇಡಂ. ಟೋಕಿಯೋದಲ್ಲಿ ಹೂವು ಶುರುವಾಯಿತು ಎಂದು ಹವಾಮಾನ ಇಲಾಖೆ ಘೋಷಿಸುವುದು ಯಾಸುಕುನಿ ದೇವಸ್ಥಾನದ ಒಂದು ಗುರುತಿನ ಮರ ನೋಡಿ. ಅದರಲ್ಲಿ ಐದಾರು ಹೂವು ಬಿರಿದರೆ ಟಿವಿಯಲ್ಲಿ ದೊಡ್ಡ ಸುದ್ದಿ. 2023ರಲ್ಲಿ ಅದು ಮಾರ್ಚ್ 14ಕ್ಕೇ ಆಯಿತು. ಮರುವರ್ಷ ಮಾರ್ಚ್ 29ರವರೆಗೆ ಕಾಯಿಸಿತು. ಘೋಷಣೆಯಾದ ಮೇಲೆ ಪೂರ್ತಿ ಅರಳಲು ಸುಮಾರು ಒಂದು ವಾರ. ಆಮೇಲೆ ಒಂದು ಜೋರು ಮಳೆ ಗಾಳಿ ಬಂದರೆ ಮುಗಿಯಿತು. ಟಿಕೆಟ್ ಆಗಿದ್ದರೆ ಮಾರ್ಚ್ 27ರಿಂದ ಏಪ್ರಿಲ್ 4ರ ನಡುವೆ ಬಿಡುವು ಇಟ್ಟುಕೊಳ್ಳಿ, ಯಾವ ದಿನ ಉಯೆನೊ ಎಂದು ಅಲ್ಲಿಗೆ ಹೋದ ಮೇಲೆ ತೀರ್ಮಾನಿಸಿ.

ಅಪ್ಪನ ಮಂಡಿಗೆ: ಜೆಆರ್ ಉಯೆನೊ ನಿಲ್ದಾಣದ "ಪಾರ್ಕ್" ಬಾಗಿಲಿನಿಂದ ಹೊರಗೆ ಬನ್ನಿ. ನೇರ ಗುಡ್ಡದ ಮೇಲಿನ ಸಮತಟ್ಟು ಜಾಗ, ಮೆಟ್ಟಿಲಿನ ಕಾಟ ಇಲ್ಲ. ಶಿನೊಬಾಜು ಬಾಗಿಲಿನಿಂದ ಬಂದರೆ ಸಾಯ್ಗೊ ಪ್ರತಿಮೆಗೆ ಮೆಟ್ಟಿಲು ಹತ್ತಬೇಕಾಗುತ್ತದೆ. ವಾರದ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಹೋದರೆ ಆಫೀಸಿನವರು ಇನ್ನೂ ಬಂದಿರುವುದಿಲ್ಲ. ಜಾಗ ಹಿಡಿಯಲು ಕಂಪನಿಯ ಕಿರಿಯ ಹುಡುಗ ಒಬ್ಬ ಚಾಪೆ ಹಾಸಿಕೊಂಡು ನಡುಗುತ್ತಾ ಕೂತಿರುತ್ತಾನೆ, ಅಷ್ಟೇ. ಸ್ವೆಟರ್ ಮರೆಯಬೇಡಿ, ಹೂವಿನ ವಾರದಲ್ಲಿ ಚಳಿ ವಾಪಸ್ ಬರುವುದು ಮಾಮೂಲು.

ಸೈತಾಮಾ ಶೆಟ್ರು
ಬೆಳಿಗ್ಗೆ ಎಂಟಕ್ಕೆ ಅಂದರೆ ನನ್ನದೂ ಒಪ್ಪಿಗೆ ಇದೆ. ಮಧ್ಯಾಹ್ನದ ಮೇಲೆ ಮಾತ್ರ ಬೇಡ.

ಮಂಡ್ಯ ಮಾವುತ
ಉಯೆನೊ ಅಂದ ಮೇಲೆ ನಮ್ಮ ಆನೆಯ ಸುದ್ದಿ ಯಾರೂ ಎತ್ತಲಿಲ್ಲವಲ್ಲ ಸ್ವಾಮಿ! ಆ ಪಾರ್ಕಿನ ಒಳಗಿರುವ ಮೃಗಾಲಯಕ್ಕೆ 1949ರಲ್ಲಿ ಹೋದ ಇಂದಿರಾ ಮೈಸೂರಿನ ಕಡೆಯ ಆನೆ. ಅದಕ್ಕೆ ಬರುತ್ತಿದ್ದುದು ಕನ್ನಡ ಮಾತ್ರ.

ತುಂಗಾತೀರ
ಏನು?! ಇದನ್ನು ಪೂರ್ತಿ ಹೇಳಿ.

ಮಂಡ್ಯ ಮಾವುತ
ಮೊದಲು ಅದರ ಹಿಂದಿನ ಕಥೆ. ಉಯೆನೊ ಮೃಗಾಲಯ 1882ರಲ್ಲಿ ಶುರುವಾದದ್ದು, ಜಪಾನಿನ ಮೊದಲನೆಯದು. ಯುದ್ಧ ನಡೆಯುತ್ತಿದ್ದಾಗ, 1943ರಲ್ಲಿ, ಬಾಂಬ್ ಬಿದ್ದು ಬೋನು ಒಡೆದರೆ ಪ್ರಾಣಿಗಳು ಊರಿಗೆ ನುಗ್ಗುತ್ತವೆ ಎಂದು ಸಿಂಹ, ಹುಲಿ, ಕರಡಿಗಳನ್ನು ಕೊಲ್ಲಲು ಆಜ್ಞೆ ಬಂತು. ಮೂರು ಆನೆಗಳಿದ್ದವು: ಜಾನ್, ಟೊಂಕಿ, ವಾನ್ರಿ. ಅವಕ್ಕೆ ಅನ್ನ ನೀರು ನಿಲ್ಲಿಸಿ ಸಾಯಿಸಿದರು. ಸತ್ತ ಪ್ರಾಣಿಗಳಿಗೆ ಸೆಪ್ಟೆಂಬರ್‌ನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಸಭೆ ನಡೆಯುವಾಗ ಎರಡು ಆನೆಗಳು ಒಳಗೆ ಇನ್ನೂ ಬದುಕಿದ್ದವು.

ಯುದ್ಧ ಮುಗಿದ ಮೇಲೆ ಟೋಕಿಯೋ ಮಕ್ಕಳಿಗೆ ಆನೆಯೇ ಇಲ್ಲ. ಅವರು ನೆಹರೂ ಅವರಿಗೆ ಪತ್ರಗಳನ್ನು ಬರೆದರು. ನೆಹರೂ ಒಂದು ಹೆಣ್ಣಾನೆ ಕಳಿಸಿದರು, ಮಗಳ ಹೆಸರೇ ಇಟ್ಟರು. 1949ರ ಸೆಪ್ಟೆಂಬರ್‌ನಲ್ಲಿ ಇಂದಿರಾ ಉಯೆನೊ ತಲುಪಿತು. ವಯಸ್ಸು ಹದಿನೈದು. ಜೊತೆಗೆ ಇಬ್ಬರು ಮಾವುತರು ಹೋಗಿದ್ದರು. ಜಪಾನಿ ಪಾಲಕರು ಏನು ಹೇಳಿದರೂ ಆನೆಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಅವರೇ ಮಾವುತರ ಹತ್ತಿರ ಎರಡು ತಿಂಗಳು ಕೂತು ಬೇಕಾದಷ್ಟು ಕನ್ನಡ ಕಲಿತರು.

1957ರಲ್ಲಿ ನೆಹರೂ ಜಪಾನಿಗೆ ಹೋದಾಗ ಮಗಳ ಜೊತೆ ಹೋಗಿ ಆನೆಯನ್ನು ನೋಡಿದರು. ಇಂದಿರಾ ಸತ್ತದ್ದು 1983ರಲ್ಲಿ. ಮೂವತ್ತನಾಲ್ಕು ವರ್ಷ ಅಲ್ಲೇ ಬಾಳಿತು.

ಹಾಸನದ ಹಸಿರು
ಅಬ್ಬಾ. ಟೋಕಿಯೋದ ನಡುವೆ, ಚೆರ್ರಿ ಮರದ ಕೆಳಗೆ, ಜಪಾನಿಯೊಬ್ಬ ಆನೆಗೆ ಕನ್ನಡದಲ್ಲಿ "ಬಾ" ಅನ್ನುವುದು! ಇದು ನಮ್ಮ ಶಾಲೆಯ ಪಾಠದಲ್ಲಿ ಯಾಕೆ ಬರಲಿಲ್ಲ?

ಗಂಜಾಂ ಗುರು
ಮಾವುತರೇ, ಒಳ್ಳೆ ವಿಷಯ ತಂದಿರಿ. ಆ ಕಾಲದ ಉಯೆನೊ ಹೇಗಿತ್ತು ಎಂದೂ ಸೇರಿಸುತ್ತೇನೆ. 1945ರ ಮಾರ್ಚ್ 10ರ ಬಾಂಬ್ ದಾಳಿಯಲ್ಲಿ ಸತ್ತವರನ್ನು ತಾತ್ಕಾಲಿಕವಾಗಿ ಹೂಳಿದ ಜಾಗಗಳಲ್ಲಿ ಈ ಪಾರ್ಕೂ ಒಂದು. ಊಟಕ್ಕಿಲ್ಲದೆ ಶಿನೊಬಾಜು ಕೆರೆಯಲ್ಲಿ ಭತ್ತ ಬೆಳೆದರು. ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು ಉಯೆನೊ ನಿಲ್ದಾಣದ ನೆಲಮಾಳಿಗೆಯಲ್ಲಿ ಮಲಗುತ್ತಿದ್ದರು. ಆ ಊರಿಗೆ ಹೋಗಿ ಇಳಿದ ಆನೆ ಅದು. ಜನ ಮುಗಿಬಿದ್ದು ನೋಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಬೆಣ್ಣೆದೋಸೆ
ಇಷ್ಟೆಲ್ಲಾ ಆದ ಜಾಗವನ್ನು ಪಾರ್ಕ್ ಮಾಡೋಣ ಅಂತ ಹೊಳೆದದ್ದು ಯಾರಿಗೆ?

ಗಂಜಾಂ ಗುರು
ಒಬ್ಬ ಡಚ್ ಡಾಕ್ಟರಿಗೆ. 1868ರ ಯುದ್ಧದ ನಂತರ ಸುಟ್ಟ ಗುಡ್ಡದ ಮೇಲೆ ವೈದ್ಯಕೀಯ ಶಾಲೆ, ಆಸ್ಪತ್ರೆ ಕಟ್ಟುವ ಯೋಜನೆ ಇತ್ತು. ಬಾಡ್ವಿನ್ ಎಂಬ ಡಾಕ್ಟರನ್ನು ಜಾಗ ನೋಡಲು ಕರೆದರು. ಅವರು ಕಾಡು, ಕೆರೆ ನೋಡಿ "ಇಲ್ಲಿ ಆಸ್ಪತ್ರೆ ಬೇಡ, ಜನರಿಗೆ ಪಾರ್ಕ್ ಮಾಡಿ" ಎಂದು ಸಲಹೆ ಕೊಟ್ಟರು. 1873ರಲ್ಲಿ ಸರ್ಕಾರ ಗುರುತಿಸಿದ ಜಪಾನಿನ ಮೊದಲ ಸಾರ್ವಜನಿಕ ಪಾರ್ಕುಗಳಲ್ಲಿ ಇದೂ ಸೇರಿತು. ಆಮೇಲೆ ಅರಮನೆಯ ಆಸ್ತಿಯಾಗಿತ್ತು. 1924ರಲ್ಲಿ, ಮುಂದೆ ಚಕ್ರವರ್ತಿಯಾದ ಹಿರೊಹಿತೊನ ಮದುವೆಯ ನೆಪದಲ್ಲಿ, ಟೋಕಿಯೋ ನಗರಕ್ಕೆ ಕೊಟ್ಟರು.

ಆ ಡಾಕ್ಟರಿಗೆ ಪಾರ್ಕಿನಲ್ಲಿ ಒಂದು ಪ್ರತಿಮೆ ಇದೆ. ತಮಾಷೆ ಏನೆಂದರೆ 1973ರಲ್ಲಿ ನಿಲ್ಲಿಸಿದಾಗ ಅದರಲ್ಲಿದ್ದದ್ದು ಅವರ ತಮ್ಮನ ಮುಖ! ಫೋಟೋ ಅದಲು ಬದಲಾಗಿತ್ತು. 2006ರಲ್ಲಿ ಸರಿಯಾದ ಮುಖದ ಪ್ರತಿಮೆ ಬಂತು.

ತುಂಗಾತೀರ
ಅಪ್ಪ ಬಿದ್ದು ಬಿದ್ದು ನಗುತ್ತಿದ್ದಾರೆ. ತಮ್ಮನ ಮಾತು ಸೋತ ಹಾಗೇ. ಅಪ್ಪನಿಗೆ ತೋರಿಸಲು ಹಳೇ ಕಟ್ಟಡ ಏನೇನು ಉಳಿದಿದೆ? ಎಲ್ಲಾ ಸುಟ್ಟಿತು ಅಂದಿರಿ.

ಯಮನೋತೆ ಲೈನ್
ಎಲ್ಲಾ ಅಲ್ಲ. ತೊಕುಗಾವಾ ವಂಶದ ಮೊದಲ ಶೋಗನ್ ಇಎಯಾಸುವಿನ ತೋಶೋಗೂ ಗುಡಿ 1651ರದ್ದು, ಚಿನ್ನದ ರೇಕು ಹೊಡೆದದ್ದು, ಯುದ್ಧ ಭೂಕಂಪ ಬಾಂಬ್ ಎಲ್ಲವನ್ನೂ ದಾಟಿ ನಿಂತಿದೆ. 1639ರ ಐದಂತಸ್ತಿನ ಪಗೋಡ ಈಗ ಮೃಗಾಲಯದ ಬೇಲಿಯೊಳಗೆ ಇದೆ, ತೋಶೋಗೂ ಹಾದಿಯಿಂದಲೇ ಚೆನ್ನಾಗಿ ಕಾಣುತ್ತದೆ. ಕಿಯೊಮಿಜು ಕಾನ್ನೊನ್ ಗುಡಿಯ ಜಗಲಿಯಿಂದ ಕೆಳಗೆ ನೋಡಿದರೆ ಹೂವಿನ ನಡುವೆ ಕೆರೆ, ದ್ವೀಪದ ಬೆಂತೆನ್ ಗುಡಿ. ಅಮ್ಮನಿಗೆ ಹೇಳಿ, ಬೆಂತೆನ್ ಅಂದರೆ ನಮ್ಮ ಸರಸ್ವತಿಯೇ. ಭಾರತದಿಂದ ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು, ಕೈಯಲ್ಲಿ ವೀಣೆಯ ಬದಲು ಬಿವಾ ವಾದ್ಯ. ಆ ಗುಡಿ ಮಾತ್ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ 1958ರಲ್ಲಿ ಮತ್ತೆ ಕಟ್ಟಿದ್ದು.

ಇನ್ನೊಂದು ನನಗೆ ಬಹಳ ಇಷ್ಟ. ಉಯೆನೊದ ದೊಡ್ಡ ಬುದ್ಧ. 1923ರ ಭೂಕಂಪದಲ್ಲಿ ತಲೆ ಕೆಳಗೆ ಬಿತ್ತು. ಮೈಯನ್ನು ಯುದ್ಧದ ಸಮಯದಲ್ಲಿ ಲೋಹಕ್ಕಾಗಿ ಕರಗಿಸಿದರು. ಈಗ ಮುಖ ಮಾತ್ರ ಗೋಡೆಗೆ ಅಂಟಿಕೊಂಡಿದೆ. "ಇನ್ನು ಬೀಳಲು ಏನೂ ಉಳಿದಿಲ್ಲ" ಎಂದು ಪರೀಕ್ಷೆ ಬರೆಯುವ ಹುಡುಗರು ಬಂದು ಕೈಮುಗಿಯುತ್ತಾರೆ.

ಸೈತಾಮಾ ಶೆಟ್ರು
ಅಪ್ಪನಿಗೆ ಕಟ್ಟಡ ಇಷ್ಟ ಅಂದರೆ ಪಾಶ್ಚಾತ್ಯ ಕಲಾ ಮ್ಯೂಸಿಯಂ ಕೂಡ ತೋರಿಸಿ, ಪಾರ್ಕ್ ಬಾಗಿಲಿನ ಎದುರೇ ಇದೆ. ಚಂಡೀಗಢ ಕಟ್ಟಿದ ಲೆ ಕಾರ್ಬ್ಯುಸಿಯೆ ಅವರ ವಿನ್ಯಾಸ, 1959ರದ್ದು. 2016ರಲ್ಲಿ ಚಂಡೀಗಢದ ಕಟ್ಟಡಗಳ ಜೊತೆಗೇ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸೋಮವಾರ ಮಾತ್ರ ಹೋಗಬೇಡಿ, ಅಲ್ಲಿನ ಮ್ಯೂಸಿಯಂಗಳು ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತವೆ.

ಬೆಣ್ಣೆದೋಸೆ
ನೋಡ್ರೀ, "ಬೇಡ ಬೇಡ" ಅಂದ ಶೆಟ್ರೇ ಈಗ ಗೈಡ್ ಆಗಿಬಿಟ್ಟರು.

ತುಂಗಾತೀರ
ಕೊನೆಯ ಪ್ರಶ್ನೆ, ಮುಖ್ಯವಾದದ್ದು. ಅಪ್ಪ ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಉಯೆನೊ ಹತ್ತಿರ ಊಟ?

ಯಮನೋತೆ ಲೈನ್
ಪಾರ್ಕಿನೊಳಗಿನ ಹಬ್ಬದ ಅಂಗಡಿಗಳನ್ನು ನಂಬಬೇಡಿ. ಬರೀ ತರಕಾರಿ ಕಂಡರೂ ಸಾರಿನಲ್ಲಿ ಮೀನಿನ ಪುಡಿ ಇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಒಂದೇ ಸ್ಟೇಷನ್, ಒಕಾಚಿಮಾಚಿ. ನಡೆದರೂ ಹತ್ತು ಹದಿನೈದು ನಿಮಿಷ, ಸಮತಟ್ಟು ದಾರಿ. ಅದು ಒಡವೆ, ಹರಳಿನ ವ್ಯಾಪಾರದ ಪೇಟೆ. ಭಾರತದ ಜೈನ ವ್ಯಾಪಾರಿಗಳು ಬಹಳ ಕಾಲದಿಂದ ಇದ್ದಾರೆ, ಹಾಗಾಗಿ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳೂ ಇವೆ. ದೋಸೆ ಸಾಂಬಾರ್ ಕೂಡ ಸಿಗುತ್ತದೆ.

ತುಂಗಾತೀರ
ಹಾಗಾದರೆ ಬೆಳಿಗ್ಗೆ ಎಂಟಕ್ಕೆ ಪಾರ್ಕ್, ಮಧ್ಯಾಹ್ನ ಒಕಾಚಿಮಾಚಿ ಊಟ, ಆಮೇಲೆ ಅಪ್ಪನಿಗೆ ಗುಂಡಿನ ತೂತಿನ ಬಾಗಿಲು. ತಮ್ಮನಿಗೆ ಈ ಲಿಂಕ್ ಕಳಿಸಿದ್ದೇನೆ. "ನಾನು ಐದು ವರ್ಷದಿಂದ ಇಲ್ಲಿದ್ದೀನಿ, ಆನೆ ವಿಷಯ ಯಾರೂ ಹೇಳಿಲ್ಲ" ಅಂತ ಮುಖ ಊದಿಸಿಕೊಂಡಿದ್ದಾನೆ. ರಜೆ ಹಾಕಿ ತಾನೂ ಬರುತ್ತಾನಂತೆ.

ಮಂಡ್ಯ ಮಾವುತ
ಬರಲಿ ಬಿಡಿ. ಸಾಮಾನು ಹೊರೋದಕ್ಕೆ ಒಬ್ಬರು ಬೇಕಲ್ಲ.